ಎಲೆಕ್ಟ್ರಿಕ್ ವಾಹನ ಅಪಘಾತ: ಹೊಣೆ ಯಾರದು, ಪರಿಹಾರ ಎಲ್ಲಿಂದ?

ಇಂದು ರಾಜ್ಯದ ಯಾವ ಊರಿಗೆ ಹೋದರೂ ಸಮಾಜ ಬಾಂಧವರ ಮನೆ ಮುಂದೆ ಒಂದು ಎಲೆಕ್ಟ್ರಿಕ್ ಸ್ಕೂಟರ್ ಕಾಣುವುದು ಸಾಮಾನ್ಯವಾಗಿದೆ. ಬೆಳಿಗ್ಗೆ ಬಸದಿಗೆ, ಆಮೇಲೆ ಅಂಗಡಿಗೆ, ಸಂಜೆ ಮಕ್ಕಳ ಟ್ಯೂಷನ್ನಿಗೆ ಅದೇ ಗಾಡಿ. ಕೊಳ್ಳುವಾಗ ಎಲ್ಲರೂ ಕೇಳುವ ಪ್ರಶ್ನೆಗಳು ಮೂರು: ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ಬೆಲೆಯಲ್ಲಿ ಎಷ್ಟು ಬಿಡುತ್ತೀರಿ. ಈ ಗಾಡಿಯಿಂದ ಯಾರಿಗಾದರೂ ಪೆಟ್ಟಾದರೆ, ಇಲ್ಲವೇ ಈ ಗಾಡಿಯಿಂದಲೇ ಮನೆಗೆ ಬೆಂಕಿ ಬಿದ್ದರೆ ಹಣ ಕೊಡಬೇಕಾದವರು ಯಾರು ಎಂದು ಕೇಳುವವರು ಕಡಿಮೆ.

ಎಲೆಕ್ಟ್ರಿಕ್ ವಾಹನಗಳಿಗೆಂದೇ ಪ್ರತ್ಯೇಕವಾದ ಅಪಘಾತ ಕಾನೂನು ನಮ್ಮ ದೇಶದಲ್ಲಿಲ್ಲ. ಪೆಟ್ರೋಲ್ ಗಾಡಿಗೆ ಇರುವ 1988ರ ಮೋಟಾರು ವಾಹನ ಕಾಯಿದೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಮತ್ತು ಭಾರತೀಯ ನ್ಯಾಯ ಸಂಹಿತೆ, ಈ ಮೂರೇ ಇಲ್ಲೂ ಅನ್ವಯಿಸುತ್ತವೆ. ಯಾವ ಸಂದರ್ಭಕ್ಕೆ ಯಾವುದು ಎನ್ನುವುದು ಒಂದು ಪ್ರಶ್ನೆಯ ಮೇಲೆ ನಿಂತಿದೆ. ತಪ್ಪು ಓಡಿಸಿದ ರೀತಿಯಲ್ಲಿತ್ತೇ, ಗಾಡಿಯಲ್ಲೇ ಇತ್ತೇ, ಅಥವಾ ಅದನ್ನು ಇಟ್ಟುಕೊಂಡ ರೀತಿಯಲ್ಲಿತ್ತೇ? ಓಡಿಸಿದ್ದರಲ್ಲಿ ತಪ್ಪಿದ್ದರೆ ಚಾಲಕ, ಮಾಲೀಕ ಮತ್ತು ಇನ್ಶೂರೆನ್ಸ್ ಕಂಪನಿ ಹೊಣೆ. ಗಾಡಿಯಲ್ಲಿ ದೋಷವಿದ್ದರೆ ತಯಾರಕ, ಮಾರಾಟಗಾರ ಅಥವಾ ಸರ್ವಿಸ್ ಕೇಂದ್ರ ಹೊಣೆ. ಇಟ್ಟುಕೊಂಡ ರೀತಿಯೇ ತಪ್ಪಾಗಿದ್ದರೆ ಹೊಣೆ ಮಾಲೀಕರ ಮನೆ ಬಾಗಿಲಿಗೇ ಬಂದು ನಿಲ್ಲುತ್ತದೆ.

ನಂಬರ್ ಪ್ಲೇಟ್ ಇಲ್ಲದ ಗಾಡಿಗೆ ಹೊಣೆಯೂ ಇಲ್ಲವೇ?

ಮೊದಲು ತಿಳಿಯಬೇಕಾದದ್ದು, ಕಾನೂನಿನ ದೃಷ್ಟಿಯಲ್ಲಿ ನಮ್ಮ ಗಾಡಿ 'ಮೋಟಾರು ವಾಹನ' ಹೌದೇ ಅಲ್ಲವೇ ಎಂಬುದು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇದ್ದು, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದು, ಅದನ್ನು ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ದೃಢಪಡಿಸಿದ್ದರೆ ಅಂಥ ಬ್ಯಾಟರಿ ವಾಹನವನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಅದಕ್ಕೆ ನೋಂದಣಿ ಬೇಡ, ಡಿಎಲ್ ಬೇಡ, ಕಡ್ಡಾಯ ಇನ್ಶೂರೆನ್ಸೂ ಇಲ್ಲ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. 'ನಂಬರ್ ಬೇಡ' ಎಂದು ಅಂಗಡಿಯವರು ಹೇಳಿದರೆ ಸಾಕು ಎನ್ನುವುದು ಮೊದಲನೆಯದು. ಗಾಡಿ ನಿಜವಾಗಿ 40 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೆ ಬಿಲ್ಲಿನಲ್ಲಿ ಏನೇ ಬರೆದಿರಲಿ, ಅದಕ್ಕೆ ಈ ರಿಯಾಯಿತಿ ಸಿಗುವುದಿಲ್ಲ. ಅದು ನೋಂದಣಿಯಿಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನವಾಗುತ್ತದೆ. ವೇಗದ ಮಿತಿಯನ್ನು ಕಂಟ್ರೋಲರಿನಲ್ಲಿ ಬಿಡಿಸಿಕೊಂಡ ಗಾಡಿಗಳ ಗತಿಯೂ ಇದೇ.

ಎರಡನೆಯದು, ನಿಜವಾದ ನಿಧಾನಗತಿಯ ಗಾಡಿಗೆ ಹೊಣೆಯೇ ಇಲ್ಲ ಎನ್ನುವುದು. ಸೈಕಲ್ ಗುದ್ದಿ ಮುದುಕರೊಬ್ಬರ ಸೊಂಟ ಮುರಿದರೂ ಸೈಕಲ್ಲಿನವನು ಹೊಣೆಯೇ. ನ್ಯಾಯ ಸಂಹಿತೆಯ 281ನೇ ಕಲಮು ಸಾರ್ವಜನಿಕ ರಸ್ತೆಯಲ್ಲಿ 'ಯಾವುದೇ ವಾಹನ'ವನ್ನು ಅಜಾಗರೂಕತೆಯಿಂದ ಓಡಿಸುವುದನ್ನು ಅಪರಾಧ ಎನ್ನುತ್ತದೆ. ನಿರ್ಲಕ್ಷ್ಯದಿಂದ ಸಾವಾದರೆ 106ನೇ ಕಲಮಿನಡಿ 5 ವರ್ಷದವರೆಗೆ ಶಿಕ್ಷೆಯಿದೆ. ಗಾಯಗೊಂಡವರು ಸಿವಿಲ್ ನ್ಯಾಯಾಲಯದಲ್ಲಿ ನಷ್ಟ ಕೇಳಬಹುದು. ಇಂಥ ಗಾಡಿಯ ಮಾಲೀಕರ ಬೆನ್ನಿಗೆ ಇನ್ಶೂರೆನ್ಸ್ ಕಂಪನಿ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಎಲೆಕ್ಟ್ರಿಕ್ ಗಾಡಿ ಸದ್ದಿಲ್ಲದೆ ಬರುತ್ತದೆ ಎಂಬುದನ್ನೂ ಮರೆಯಬಾರದು. ನಸುಕಿನಲ್ಲಿ ರಸ್ತೆ ಬದಿ ನಡೆಯುವ ಹಿರಿಯರಿಗೆ ಹಿಂದಿನಿಂದ ಗಾಡಿ ಬಂದದ್ದೇ ತಿಳಿಯುವುದಿಲ್ಲ. 'ಅವರು ಪಕ್ಕಕ್ಕೆ ಸರಿಯಲಿಲ್ಲ' ಎಂಬ ಸಮಜಾಯಿಷಿ ಇಲ್ಲಿ ಹೆಚ್ಚು ದೂರ ಹೋಗುವುದಿಲ್ಲ. ವೇಗ ತಗ್ಗಿಸಿ ಹಾರ್ನ್ ಮಾಡುವುದು ಚಾಲಕರ ಕೆಲಸ.

ಒಂದು ಅಪಘಾತದ ಲೆಕ್ಕ

ಇನ್ಶೂರೆನ್ಸ್ ಇಲ್ಲದ ಗಾಡಿ ಓಡಿಸಿದರೆ ಕೇಂದ್ರ ಕಾಯಿದೆಯಲ್ಲಿ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಅಥವಾ 3 ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಇವೆ. ಸಿಕ್ಕಿಬಿದ್ದರೆ 2,000 ತಾನೇ ಎಂದು ಹಲವರು ಸುಮ್ಮನಿರುತ್ತಾರೆ. ಕೊಡಬೇಕಾಗಿ ಬರಬಹುದಾದ ಪರಿಹಾರದ ಮುಂದೆ ಈ ದಂಡ ಏನೇನೂ ಅಲ್ಲ.

ಉದಾಹರಣೆಗೆ, ಅಪಘಾತದಲ್ಲಿ ಸತ್ತವರಿಗೆ 30 ವರ್ಷ, ಸ್ವಂತ ದುಡಿಮೆ, ತಿಂಗಳಿಗೆ 20,000 ರೂಪಾಯಿ ಆದಾಯ, ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದಾರೆ ಎಂದುಕೊಳ್ಳೋಣ. ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಪ್ರಕರಣ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ಹಾಕಿಕೊಟ್ಟ ಸೂತ್ರದಂತೆ ಲೆಕ್ಕ ಹೀಗೆ ನಡೆಯುತ್ತದೆ:

• ವರ್ಷದ ಆದಾಯ: 2,40,000 ರೂ.
• ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕೆ ಶೇ. 40 ಸೇರಿಸಿದರೆ: 3,36,000 ರೂ.
• ಅವರ ಸ್ವಂತ ಖರ್ಚಿಗೆಂದು ಮೂರನೇ ಒಂದು ಭಾಗ ಕಳೆದರೆ: 2,24,000 ರೂ.
• ಆ ವಯಸ್ಸಿಗೆ ನಿಗದಿಯಾದ ಗುಣಕ 17ರಿಂದ ಗುಣಿಸಿದರೆ: 38,08,000 ರೂ.

ಅಂತ್ಯಕ್ರಿಯೆ ಮತ್ತಿತರ ಬಾಬತ್ತುಗಳು, ಬಡ್ಡಿ ಇದಕ್ಕೆ ಹೊರತು. ಇನ್ಶೂರೆನ್ಸ್ ಇದ್ದರೆ ಇದನ್ನು ಕಂಪನಿ ತುಂಬುತ್ತದೆ. ಇಲ್ಲದಿದ್ದರೆ ಮಾಲೀಕರ ಮನೆ, ಅಂಗಡಿ, ಠೇವಣಿಯಿಂದ ವಸೂಲಾಗುತ್ತದೆ. ಎಲೆಕ್ಟ್ರಿಕ್ ಗಾಡಿಗಳ ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಸರ್ಕಾರ 2022ರಲ್ಲಿ ಶೇ. 15 ರಿಯಾಯಿತಿಯನ್ನೂ ಕೊಟ್ಟಿತು. ಆ ವರ್ಷ 3 ಕಿಲೋವ್ಯಾಟ್‌ವರೆಗಿನ ಎಲೆಕ್ಟ್ರಿಕ್ ಸ್ಕೂಟರಿಗೆ ನಿಗದಿಯಾದ ವಾರ್ಷಿಕ ಪ್ರೀಮಿಯಂ 457 ರೂಪಾಯಿ. 457 ರೂಪಾಯಿ ಉಳಿಸಲು ಹೋಗಿ 38 ಲಕ್ಷದ ಹೊರೆ ಹೊರುವ ವ್ಯಾಪಾರ ಯಾರಿಗೂ ಗಿಟ್ಟುವುದಿಲ್ಲ.

ತಪ್ಪು ಯಾರದೆಂದು ಸಾಬೀತು ಮಾಡಲಾಗದವರಿಗೂ ಕಾಯಿದೆಯ 164ನೇ ಕಲಮು ಒಂದು ದಾರಿ ಇಟ್ಟಿದೆ. ಸಾವಾದರೆ 5 ಲಕ್ಷ, ತೀವ್ರ ಗಾಯವಾದರೆ 2.5 ಲಕ್ಷ ರೂಪಾಯಿಯನ್ನು ಮಾಲೀಕರು ಅಥವಾ ಇನ್ಶೂರೆನ್ಸ್ ಕಂಪನಿ ಕೊಡಬೇಕು. ಗುದ್ದಿದ ಗಾಡಿ ಪತ್ತೆಯೇ ಆಗದಿದ್ದರೆ ಸರ್ಕಾರದ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ.

ಆರ್‌ಸಿಯಲ್ಲಿ ಹೆಸರಿದ್ದವರೇ ಮಾಲೀಕರು

ಗಾಡಿ ಮಾರಿ ಹಣ ಎಣಿಸಿಕೊಂಡರೆ ಋಣ ತೀರಿತು ಎಂದು ಭಾವಿಸುವವರು ಬಹಳ. ಕಾನೂನು ಹಾಗೆ ನೋಡುವುದಿಲ್ಲ. 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಗಾಡಿ ಒಬ್ಬರಿಂದ ಒಬ್ಬರಿಗೆ ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ ಹೆಸರು ಬದಲಾಗಿರಲಿಲ್ಲ. ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿದ್ದವರೇ ಹೊಣೆ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಆದ್ದರಿಂದ ಹಳೆಯ ಸ್ಕೂಟರನ್ನು ಎಕ್ಸ್‌ಚೇಂಜಿಗೆ ಬಿಟ್ಟವರು, ಪರಿಚಯದವರಿಗೆ ಮಾರಿದವರು, ಅಳಿಯನಿಗೋ ತಮ್ಮನಿಗೋ ಕೊಟ್ಟವರು ಆರ್‌ಸಿ ವರ್ಗಾವಣೆ ಆಗುವವರೆಗೆ ಬೆನ್ನು ಬಿಡಬಾರದು. ರಾಜ್ಯದೊಳಗೆ ಮಾರಿದವರು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕೆಂಬುದು ನಿಯಮ. ತಂದೆ ತೀರಿಕೊಂಡ ಮೇಲೆ ಅವರ ಹೆಸರಿನಲ್ಲೇ ಗಾಡಿ ಓಡಿಸುತ್ತಿರುವ ಮನೆಗಳೂ ಇವೆ. ಅವರೂ ಬೇಗ ಹೆಸರು ಬದಲಿಸಿಕೊಳ್ಳಬೇಕು.

ಪಾಲಿಸಿಯಲ್ಲಿ ಯಾರಿದ್ದಾರೆ, ಯಾರಿಲ್ಲ?

ಹೊಸ ಎಲೆಕ್ಟ್ರಿಕ್ ಸ್ಕೂಟರ್ ಕೊಂಡಾಗ 5 ವರ್ಷದ ಇನ್ಶೂರೆನ್ಸ್ ಮಾಡಿಕೊಡುತ್ತಾರೆ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿರುವುದೇ ಇದಕ್ಕೆ ಕಾರಣ. ಆದರೆ ಈ 5 ವರ್ಷ ಅನ್ವಯವಾಗುವುದು ಹೊರಗಿನವರಿಗೆ ಆಗುವ ಹಾನಿಗೆ. ಗಾಡಿಯ ಸ್ವಂತ ಹಾನಿಯ ಭಾಗವನ್ನು ಸಾಮಾನ್ಯವಾಗಿ 1 ವರ್ಷಕ್ಕೆ ಮಾತ್ರ ಮಾಡಿರುತ್ತಾರೆ. ಎರಡನೇ ವರ್ಷ ನವೀಕರಿಸದಿದ್ದರೆ ಗಾಡಿ ಕಳುವಾದರೂ ಸುಟ್ಟುಹೋದರೂ ಒಂದು ಪೈಸೆ ಬರುವುದಿಲ್ಲ. ಬೆಂಕಿ, ಸ್ಫೋಟ, ತಾನಾಗಿ ಹೊತ್ತಿಕೊಳ್ಳುವುದು, ಇವೆಲ್ಲ ಸೇರುವುದು ಈ ಸ್ವಂತ ಹಾನಿಯ ಭಾಗದಲ್ಲೇ.

ಹಿಂದೆ ಕುಳಿತವರ ವಿಷಯ ಇದಕ್ಕಿಂತ ಮುಖ್ಯ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಸ್ಕೂಟರಿನ ಹಿಂದಿನ ಸವಾರರು ಸೇರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ನಮ್ಮ ಮನೆಗಳಲ್ಲಿ ಹಿಂದೆ ಕೂರುವವರು ತಾಯಿ, ಹೆಂಡತಿ, ಮಗಳು. ಪ್ಯಾಕೇಜ್ ಪಾಲಿಸಿಯಲ್ಲಿ ಅವರಿಗೆ ರಕ್ಷಣೆಯುಂಟು. ತಮ್ಮ ಪಾಲಿಸಿಯಲ್ಲಿ ಹಿಂದಿನ ಸವಾರರು ಸೇರಿದ್ದಾರೆಯೇ ಎಂದು ಏಜೆಂಟರಿಂದ ಬರವಣಿಗೆಯಲ್ಲಿ ಕೇಳಿ ಪಡೆಯುವುದು ಒಳ್ಳೆಯದು.

ಓಡಿಸುವ ಮಾಲೀಕರು ತಮ್ಮದೇ ತಪ್ಪಿನಿಂದ ಬಿದ್ದರೆ ಥರ್ಡ್ ಪಾರ್ಟಿ ವಿಮೆಯಿಂದ ಅವರಿಗೆ ಏನೂ ಸಿಗುವುದಿಲ್ಲ. ಅವರಿಗಿರುವುದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಮಾತ್ರ. ಅದೂ ಚಾಲ್ತಿಯಲ್ಲಿದೆಯೇ ನೋಡಬೇಕು. ಎರವಲು ಗಾಡಿ ಓಡಿಸಿದವರು ಮಾಲೀಕರ ಸ್ಥಾನದಲ್ಲೇ ನಿಲ್ಲುತ್ತಾರೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಂದರೆ ಸ್ನೇಹಿತರ ಗಾಡಿ ಕೇಳಿ ತೆಗೆದುಕೊಂಡು ಹೋಗಿ ತಾವೇ ಬಿದ್ದವರು, ಆ ಗಾಡಿಯ ಥರ್ಡ್ ಪಾರ್ಟಿ ವಿಮೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ಮಕ್ಕಳ ಕೈಗೆ ಕೀ

ಗೇರ್ ಇಲ್ಲ, ಭಾರವಿಲ್ಲ, ಸದ್ದಿಲ್ಲ ಎಂದು ಎಲೆಕ್ಟ್ರಿಕ್ ಸ್ಕೂಟರನ್ನು ಒಂಬತ್ತು, ಹತ್ತನೇ ತರಗತಿಯ ಮಕ್ಕಳ ಕೈಗೆ ಕೊಡುವುದು ಹೆಚ್ಚಾಗಿದೆ. 2019ರ ತಿದ್ದುಪಡಿ ಕಾಯಿದೆಗೆ 199ಎ ಕಲಮನ್ನು ಸೇರಿಸಿತು. ಅದರಂತೆ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. ಶಿಕ್ಷೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಓಡಿಸಿದ ಮಗುವಿಗೆ 25 ವರ್ಷ ತುಂಬುವವರೆಗೆ ಡಿಎಲ್ ಸಿಗುವುದಿಲ್ಲ.

ಪೋಷಕರಿಗೆ ಗೊತ್ತಿತ್ತು ಎಂದೇ ನ್ಯಾಯಾಲಯ ಭಾವಿಸುತ್ತದೆ. ಗೊತ್ತಿರಲಿಲ್ಲ, ಅಥವಾ ತಡೆಯಲು ಸಾಕಷ್ಟು ಎಚ್ಚರ ವಹಿಸಿದ್ದೆವು ಎಂದು ಸಾಬೀತು ಮಾಡುವ ಹೊರೆ ಪೋಷಕರ ಮೇಲಿದೆ. ಕೀ ಯಾವಾಗಲೂ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದ್ದರೆ ಅದನ್ನು ಸಾಬೀತು ಮಾಡುವುದು ಕಷ್ಟ. ಇಷ್ಟಕ್ಕೇ ಮುಗಿಯುವುದಿಲ್ಲ. ಡಿಎಲ್ ಇಲ್ಲದವರು ಓಡಿಸಿದಾಗ ಇನ್ಶೂರೆನ್ಸ್ ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು, ಆಮೇಲೆ ಅದನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿ ಆದೇಶಿಸಬಹುದು. ಪ್ರೀಮಿಯಂ ಕಟ್ಟಿಯೂ ಹಣ ತಾವೇ ತೆರಬೇಕಾಗುತ್ತದೆ.

ಅಂಗಡಿ ಕೆಲಸಕ್ಕೆ ಬಳಸುವ ಗಾಡಿ

ವ್ಯಾಪಾರಸ್ಥ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದು. ಅಂಗಡಿಯ ಹುಡುಗ ಕೆಲಸದ ಮೇಲೆ ಹೋಗುವಾಗ ಯಾರಿಗಾದರೂ ಗುದ್ದಿದರೆ ಹೊಣೆ ಅವನೊಬ್ಬನದಲ್ಲ, ಕೆಲಸಕ್ಕೆ ಕಳಿಸಿದ ಮಾಲೀಕರದೂ ಹೌದು. ಡಿಎಲ್ ಇಲ್ಲದವನಿಗೆ ಕೀ ಕೊಟ್ಟಿದ್ದರೆ ಅದೇ ಒಂದು ಪ್ರತ್ಯೇಕ ಅಪರಾಧ. ಹುಡುಗನಿಗೇ ಪೆಟ್ಟಾದರೆ ಕಾರ್ಮಿಕರ ನಷ್ಟಪರಿಹಾರದ ಹೊಣೆಯೂ ಬರುತ್ತದೆ.

ಇನ್ನು ಪಾಲಿಸಿಯಲ್ಲಿ 'ಬಳಕೆಯ ಮಿತಿ' ಎಂಬ ಒಂದು ಸಾಲಿರುತ್ತದೆ. ಖಾಸಗಿ ಬಳಕೆಯ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದು ಸೇರಿರುವುದಿಲ್ಲ. ಹಸಿರು ಫಲಕದ ಮೇಲೆ ಬಿಳಿ ಅಕ್ಷರವಿದ್ದರೆ ಖಾಸಗಿ ಎಲೆಕ್ಟ್ರಿಕ್ ವಾಹನ, ಹಳದಿ ಅಕ್ಷರವಿದ್ದರೆ ಸಾರಿಗೆ ವಾಹನ. ಬಿಳಿ ಅಕ್ಷರದ ಸ್ಕೂಟರಿನಲ್ಲಿ ದಿನವೂ ಗಿರಾಕಿಗಳ ಮನೆಗೆ ಮೂಟೆ ಸಾಗಿಸುತ್ತಿದ್ದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರಬಹುದು. ಈಗಲೇ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ ಸರಿಯಾದ ಪಾಲಿಸಿ ಪಡೆಯುವುದು ಲೇಸು.

ಬ್ಯಾಟರಿಗೆ ಬೆಂಕಿ ಬಿದ್ದರೆ

2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಎಲೆಕ್ಟ್ರಿಕ್ ಸ್ಕೂಟರಿಗೆ ಬೆಂಕಿ ಹತ್ತಿ, ಹೊಗೆಯಿಂದ ತಂದೆ ಮತ್ತು ಮಗಳು ತೀರಿಕೊಂಡರು. ಆ ವರ್ಷ ದೇಶದ ಹಲವೆಡೆ ಇಂಥ ಘಟನೆಗಳಾದವು. ಏಪ್ರಿಲ್‌ನಲ್ಲಿ ಮೂರು ಕಂಪನಿಗಳು ಕ್ರಮವಾಗಿ 3,215, 2,000 ಮತ್ತು 1,441 ಸ್ಕೂಟರುಗಳನ್ನು ತಪಾಸಣೆಗೆ ವಾಪಸು ಕರೆಸಿಕೊಂಡವು. ನಮ್ಮ ಬೆಂಗಳೂರಿನಲ್ಲೇ 2024ರ ನವೆಂಬರ್ 19ರಂದು ಡಾ. ರಾಜ್‌ಕುಮಾರ್ ರಸ್ತೆಯ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯೊಂದರ ಬೆಂಕಿಯಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಯುವತಿ ಪ್ರಾಣ ಕಳೆದುಕೊಂಡರು.

2022ರ ಘಟನೆಗಳ ನಂತರ ಸರ್ಕಾರ ದ್ವಿಚಕ್ರ ವಾಹನಗಳ ಬ್ಯಾಟರಿ ಪರೀಕ್ಷೆಯ 'ಎಐಎಸ್-156' ಮಾನದಂಡವನ್ನು ಬಿಗಿಗೊಳಿಸಿತು. ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೇ ಹಂತ 2023ರ ಮಾರ್ಚ್ 31ರಿಂದ ಜಾರಿಗೆ ಬಂತು. ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಳ್ಳುವವರು ತಯಾರಾದ ತಿಂಗಳು, ವರ್ಷವನ್ನು ಆರ್‌ಸಿಯಲ್ಲಿ ನೋಡಿಕೊಳ್ಳುವುದು ಇದಕ್ಕಾಗಿಯೇ. ದೋಷವಿರುವ ಗಾಡಿಗಳನ್ನು ವಾಪಸು ಪಡೆಯುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯಿದೆಯ 110ಎ ಕಲಮು ಸರ್ಕಾರಕ್ಕೆ ಕೊಟ್ಟಿದೆ.

ನಿಂತ ಗಾಡಿಯಿಂದ ಹಾನಿಯಾದರೆ ಅದು 'ಮೋಟಾರು ವಾಹನದ ಬಳಕೆ'ಯಿಂದ ಆದ ಅಪಘಾತವೇ? ಇದಕ್ಕೆ ಹತ್ತಿರದ ಒಂದು ಹಳೆಯ ತೀರ್ಪು ಇದೆ. 1987ರಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರ್ ಉರುಳಿಬಿತ್ತು. ಸುಮಾರು ನಾಲ್ಕು ಗಂಟೆಗಳ ನಂತರ ಸ್ಫೋಟವಾಗಿ ಸುತ್ತ ಸೇರಿದ್ದ ಜನ ಸತ್ತರು. ಗಾಡಿ ಓಡುತ್ತಿರದಿದ್ದರೂ ಇದು ವಾಹನದ ಬಳಕೆಯಿಂದಲೇ ಆದ ಅಪಘಾತ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಮಾನಿಸಿತು. ರಸ್ತೆ ಬದಿ ನಿಂತ ಎಲೆಕ್ಟ್ರಿಕ್ ವಾಹನದ ಬೆಂಕಿಯಲ್ಲಿ ಬೇರೆಯವರಿಗೆ ಗಾಯವಾದರೆ ವಕೀಲರು ಈ ತೀರ್ಪನ್ನು ಮುಂದಿಡಬಹುದು. ಆದರೆ ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ಚಾರ್ಜ್ ಮಾಡುವಾಗ ಆದ ಬೆಂಕಿಗೂ ಇದೇ ಮಾತು ತಾನಾಗಿ ಅನ್ವಯವಾಗುತ್ತದೆ ಎಂದು ಭಾವಿಸಬಾರದು. ಅಂಥ ಪ್ರಕರಣಗಳಿಗೆ ನೇರವಾದ ದಾರಿ ಗ್ರಾಹಕರ ಆಯೋಗ.

ತಯಾರಕರು ಮತ್ತು ಮಾರಾಟಗಾರರ ಹೊಣೆ

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ 'ಉತ್ಪನ್ನ ಹೊಣೆಗಾರಿಕೆ' ಎಂಬ ಅಧ್ಯಾಯವಿದೆ. ತಯಾರಿಕೆಯಲ್ಲಿ ಅಥವಾ ವಿನ್ಯಾಸದಲ್ಲಿ ದೋಷವಿದ್ದರೆ, ಕೊಟ್ಟ ಭರವಸೆಗೆ ತಕ್ಕಂತೆ ವಸ್ತು ಇಲ್ಲದಿದ್ದರೆ, ಬಳಕೆಯ ಸೂಚನೆ ಮತ್ತು ಎಚ್ಚರಿಕೆಗಳನ್ನು ಸರಿಯಾಗಿ ಕೊಡದಿದ್ದರೆ ತಯಾರಕರು ಹೊಣೆ. ಜೋಡಣೆ ಅಥವಾ ತಪಾಸಣೆಯಲ್ಲಿ ಎಚ್ಚರ ತಪ್ಪಿದ, ಗಾಡಿಯನ್ನು ತಾನೇ ಬದಲಾಯಿಸಿದ, ಕಂಪನಿಯ ಎಚ್ಚರಿಕೆಯನ್ನು ಗಿರಾಕಿಗೆ ತಲುಪಿಸದ ಮಾರಾಟಗಾರರೂ ಹೊಣೆಯಾಗುತ್ತಾರೆ. ಸರ್ವಿಸ್ ಮಾಡುವವರ ಲೋಪಕ್ಕೂ ಬೇರೆ ಕಲಮು ಇದೆ.

ಇಲ್ಲಿ ಗಮನಿಸಬೇಕಾದ ಅಂಶಗಳು ನಾಲ್ಕು:

• ಈ ಅಧ್ಯಾಯದಡಿ ಕೇಳುವುದು ಸಾವು, ಗಾಯ ಮತ್ತು ಸುಟ್ಟುಹೋದ ಇತರ ಆಸ್ತಿಯ ಪರಿಹಾರವನ್ನು. ಸುಟ್ಟ ಗಾಡಿಯ ಬೆಲೆಯನ್ನು 'ದೋಷಯುಕ್ತ ಸರಕು' ಎಂಬ ದೂರಿನಲ್ಲಿ ಪ್ರತ್ಯೇಕವಾಗಿ ಕೇಳಬೇಕು.
• ದೂರು ಕೊಡಲು 2 ವರ್ಷ ಅವಕಾಶ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ವಸ್ತುವಿಗೆ ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ.
• ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಕಾಯಿದೆಯ ಪ್ರಕಾರ ಗ್ರಾಹಕರಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡವರಿಗೆ ವಿನಾಯಿತಿ ಇದೆ. ಜಿಎಸ್‌ಟಿ ಬಿಲ್ಲಿಗಾಗಿ ಮನೆಯ ಗಾಡಿಯನ್ನೂ ಅಂಗಡಿಯ ಫರ್ಮಿನ ಹೆಸರಿನಲ್ಲಿ ಕೊಳ್ಳುವ ಅಭ್ಯಾಸ ಮುಂದೆ ತಕರಾರಿಗೆ ಎಡೆಮಾಡಬಹುದು.
• ಹಾನಿಯಾದ ಹೊತ್ತಿಗೆ ಬಳಕೆದಾರರು ಗಾಡಿಯನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರರ ಮೇಲೆ ದೂರು ನಿಲ್ಲುವುದಿಲ್ಲ. ತಯಾರಕರೂ ಅದನ್ನೇ ಮುಂದಿಟ್ಟು ವಾದಿಸುತ್ತಾರೆ.

ಕೊನೆಯ ಅಂಶವೇ ಹೆಚ್ಚು ಪೆಟ್ಟು ಕೊಡುವುದು. ಬೇರೆ ಕಂಪನಿಯ ಕಡಿಮೆ ಬೆಲೆಯ ಚಾರ್ಜರ್, ಬೀದಿ ಬದಿಯಲ್ಲಿ ಬಿಚ್ಚಿ ರಿಪೇರಿ ಮಾಡಿಸಿದ ಬ್ಯಾಟರಿ, ಹೆಚ್ಚು ದೂರ ಓಡಲೆಂದು ಹಾಕಿಸಿದ ದೊಡ್ಡ ಬ್ಯಾಟರಿ, ಇವುಗಳಲ್ಲಿ ಒಂದಿದ್ದರೂ ಕಂಪನಿಯ ವಕೀಲರ ಕೆಲಸ ಹಗುರವಾಗುತ್ತದೆ, ಇನ್ಶೂರೆನ್ಸ್ ಕಂಪನಿಯೂ ಕೈ ಎತ್ತುತ್ತದೆ. ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡವೆಂದು ಮೋಟಾರು ವಾಹನ ಕಾಯಿದೆಯ 182ಎ ಕಲಮು ಹೇಳುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಹಾಗೂ ಅಂಟಿಕೊಂಡ ಗೋಡೆಯ ಮನೆಗಳಲ್ಲಿ ಇನ್ನೊಂದು ಹೊಣೆಯೂ ಇದೆ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕಿ, ಬೆಂಕಿ ಪಕ್ಕದವರ ಗಾಡಿಗೋ ಮನೆಗೋ ಹಬ್ಬಿದರೆ ಅವರು ನಷ್ಟ ಕೇಳುವುದು ಗಾಡಿಯ ಮಾಲೀಕರನ್ನೇ. ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರುವುದು ನ್ಯಾಯ ಸಂಹಿತೆಯ 287ನೇ ಕಲಮಿನಡಿ ಅಪರಾಧವೂ ಹೌದು.

ಅಪಘಾತವಾದ ಕೂಡಲೇ

1. ಮೊದಲು ಜೀವ ಉಳಿಸಬೇಕು. 108 ಅಥವಾ 112ಕ್ಕೆ ಕರೆ ಮಾಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕಾನೂನಿನ ತೊಡಕು ಬಾರದಂತೆ 134ಎ ಕಲಮು ರಕ್ಷಣೆ ಕೊಟ್ಟಿದೆ. 2025ರ ಯೋಜನೆಯಂತೆ ಮೋಟಾರು ವಾಹನ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ.
2. ಓಡಿಹೋಗಬಾರದು. ಚಾಲಕರು 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು.
3. ಇನ್ಶೂರೆನ್ಸ್ ಕಂಪನಿಗೆ ಅದೇ ದಿನ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು.
4. ಬೆಂಕಿಯ ಪ್ರಕರಣದಲ್ಲಿ ಅಗ್ನಿಶಾಮಕ ದಳದ ವರದಿ ಮತ್ತು ಪೊಲೀಸ್ ಮಹಜರಿನ ಪ್ರತಿ ಪಡೆಯಬೇಕು. ಸುಟ್ಟ ಗಾಡಿ, ಬ್ಯಾಟರಿ, ಚಾರ್ಜರನ್ನು ಗುಜರಿಗೂ ಕೊಡಬಾರದು, 'ಪರೀಕ್ಷೆಗೆ' ಎಂದು ಬಂದವರಿಗೆ ಬರವಣಿಗೆಯ ರಸೀದಿ ಇಲ್ಲದೆಯೂ ಕೊಡಬಾರದು. ದೋಷಕ್ಕೆ ಸಾಕ್ಷಿ ಅದೊಂದೇ.
5. ಪರಿಹಾರಕ್ಕೆ 6 ತಿಂಗಳೊಳಗೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. 2022ರ ಏಪ್ರಿಲ್ 1ರಿಂದ ಈ ಗಡುವು ಜಾರಿಯಲ್ಲಿದೆ. ಅರ್ಜಿದಾರರು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು.
6. ಐದೋ ಹತ್ತೋ ಸಾವಿರಕ್ಕೆ ಸ್ಥಳದಲ್ಲೇ ರಾಜಿ ಮಾಡಿ ಸಹಿ ಹಾಕುವ ಮುನ್ನ ವೈದ್ಯರ ವರದಿ ನೋಡಬೇಕು. ತಲೆಯ ಪೆಟ್ಟು, ಒಳಗಿನ ಗಾಯ ಮರುದಿನ ಕಾಣಿಸಿಕೊಳ್ಳುವುದುಂಟು.

ಗ್ರಾಹಕ ಸಹಾಯವಾಣಿ 1915, ಉಚಿತ ಕಾನೂನು ನೆರವಿನ ಸಹಾಯವಾಣಿ 15100. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.

ಈ ವಾರವೇ ನೋಡಬೇಕಾದದ್ದು

ಮನೆಯ ಗಾಡಿಯ ಕಾಗದಗಳನ್ನು ಒಂದು ಫೈಲಿನಲ್ಲಿಡಿ: ಖರೀದಿ ಬಿಲ್ಲು, ಆರ್‌ಸಿ, ಪಾಲಿಸಿಯ ಪೂರ್ತಿ ಪ್ರತಿ, ವಾರಂಟಿ ಪುಸ್ತಕ, ಸರ್ವಿಸ್ ರಸೀದಿಗಳು, ಬ್ಯಾಟರಿ ಮತ್ತು ಚಾರ್ಜರಿನ ನಂಬರು ಕಾಣುವ ಒಂದು ಫೋಟೊ. ಪಾಲಿಸಿಯಲ್ಲಿ ಸ್ವಂತ ಹಾನಿಯ ಭಾಗ ಮುಗಿಯುವ ದಿನಾಂಕ ನೋಡಿ. ಹಿಂದಿನ ಸವಾರರು ಸೇರಿದ್ದಾರೆಯೇ ಕೇಳಿ. ನಂಬರ್ ಇಲ್ಲದ ಗಾಡಿಯಾದರೆ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಪ್ರತಿಯನ್ನು ಮಾರಿದವರಿಂದ ಪಡೆಯಿರಿ. ಕೊಡದಿದ್ದರೆ ಅಂಥ ಗಾಡಿ ಬೇಡ. ಕಂಪನಿಯಿಂದ ವಾಪಸಾತಿ ಅಥವಾ ತಪಾಸಣೆಯ ಸಂದೇಶ ಬಂದಿದ್ದರೆ ಮುಂದೂಡಬೇಡಿ. ಮಲಗುವ ಕೋಣೆಯಲ್ಲಿ, ಹೊರಬಾಗಿಲ ದಾರಿಗೆ ಅಡ್ಡವಾಗಿ ಚಾರ್ಜಿಗೆ ಹಾಕಬೇಡಿ. ರಾತ್ರಿಯಿಡೀ ಚಾರ್ಜಿಗೆ ಬಿಟ್ಟು ಮಲಗಬೇಡಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅಪಘಾತವಾದ ಮೇಲೆ ಪಾಲಿಸಿ ಹುಡುಕಿದರೆ ಅದರಲ್ಲಿ ಇಲ್ಲದ್ದು ಬರುವುದಿಲ್ಲ. ಪ್ರಕರಣ ಎದುರಾದವರು ಈ ವಿಷಯದಲ್ಲಿ ಅನುಭವವಿರುವ ವಕೀಲರನ್ನು ಕೂಡಲೇ ಕಾಣಬೇಕು. ಸದ್ಯ ಅಂಥದ್ದೇನೂ ಇಲ್ಲದ ಮನೆಯವರು ಫೈಲು ತೆಗೆದು ಪಾಲಿಸಿಯ ದಿನಾಂಕವನ್ನು ಒಮ್ಮೆ ನೋಡಿಕೊಳ್ಳಲಿ.